ಪದ ಪರಿಚಯ: ಕಾಟಿ

ಮಲೆನಾಡಿನವರಿಗೆ ಕಾಟಿ ಅಂದರೆ ಕಾಡುಕೋಣ. ಐಸಿಯು ನರ್ಸ್ ಬಾಯಲ್ಲಿ ಅದೇ ಪದ ಬಂದರೆ ಕಥೆಯೇ ಬೇರೆ. ಸಿ, ಎ, ಯು, ಟಿ, ಐ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಓದಿದ್ದು ಅದು. ಅರ್ಥ, ಯೂರಿನ್ ಟ್ಯೂಬ್‌ನಿಂದ ಬರುವ ಮೂತ್ರದ ಸೋಂಕು.

ಆ ಟ್ಯೂಬಿನ ಹೆಸರು ಫೋಲಿ ಕ್ಯಾಥೆಟರ್. 1930ರ ದಶಕದಲ್ಲಿ ಇದನ್ನು ರೂಪಿಸಿದ ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿಯ ಹೆಸರೇ ಅದಕ್ಕೂ ಬಂತು. ತುದಿಯ ಹತ್ತಿರ ಪುಟ್ಟ ಬಲೂನ್ ಇರುತ್ತದೆ. ಮೂತ್ರಕೋಶದೊಳಗೆ ಹೋದ ಮೇಲೆ ಸಿರಿಂಜಿನಿಂದ ಅದಕ್ಕೆ ನೀರು ತುಂಬುತ್ತಾರೆ, ಆಗ ಟ್ಯೂಬ್ ಜಾರುವುದಿಲ್ಲ. ಆದರೆ ಮೂತ್ರ ಹರಿಯುವ ತೂತು ಬಲೂನಿಗಿಂತ ಮೇಲಿದೆ. ಹಾಗಾಗಿ ತಳದಲ್ಲಿ ಸ್ವಲ್ಪ ನಿಂತೇ ಇರುತ್ತದೆ. ನಿಂತ ನೀರು ಅಂದ ಮೇಲೆ ಕೇಳಬೇಕೇ? ಬ್ಯಾಕ್ಟೀರಿಯಾ ಟ್ಯೂಬಿನ ಗೋಡೆಗೆ ಪಾಚಿಯ ಹಾಗೆ ಅಂಟಿಕೊಳ್ಳುತ್ತವೆ. ಆ ಪದರದೊಳಗೆ ಆಂಟಿಬಯೋಟಿಕ್ ಸರಿಯಾಗಿ ಇಳಿಯುವುದಿಲ್ಲ.

ಟ್ಯೂಬ್ ಇರುವ ಒಂದೊಂದು ದಿನವೂ ಶೇ 3ರಿಂದ 7ರಷ್ಟು ರೋಗಿಗಳ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತವೆ. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಲ್ಲೂ. ಹಾಗಂತ ಎಲ್ಲವೂ ಕಾಟಿ ಅಲ್ಲ. ಟ್ಯೂಬ್ ಎರಡು ದಿನಕ್ಕಿಂತ ಜಾಸ್ತಿ ಇದ್ದಿರಬೇಕು, ಜ್ವರವೋ ಕಿಬ್ಬೊಟ್ಟೆ ನೋವೋ ಇರಬೇಕು, ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಮಿಲಿಲೀಟರಿಗೆ ಕನಿಷ್ಠ ಒಂದು ಲಕ್ಷ ಬ್ಯಾಕ್ಟೀರಿಯಾ ಕಾಣಬೇಕು. ಏನೂ ತೊಂದರೆ ಇಲ್ಲದವರಿಗೆ ರಿಪೋರ್ಟ್ ನೋಡಿ ಸುಮ್ನೆ ಆಂಟಿಬಯೋಟಿಕ್ ಕೊಡುವುದೂ ಈ ಟ್ಯೂಬ್ ತಂದಿಡುವ ಹೊರೆಯ ಒಂದು ಪಾಲೇ.

ಆಸ್ಪತ್ರೆಗಳು ಇದನ್ನು ‘ಕ್ಯಾಥೆಟರ್ ದಿನ’ದ ಲೆಕ್ಕದಲ್ಲಿ ಅಳೆಯುತ್ತವೆ. ಹತ್ತು ಜನಕ್ಕೆ ಮೂರು ದಿನ ಟ್ಯೂಬ್ ಇದ್ದರೆ 30 ಕ್ಯಾಥೆಟರ್ ದಿನ. ಸಾವಿರ ದಿನಕ್ಕೆ ಎಷ್ಟು ಸೋಂಕು ಎನ್ನುವುದೇ ದರ. ಇಲ್ಲೊಂದು ತಮಾಷೆ ಇದೆ. ಒಂದು ವಾರ್ಡಿನಲ್ಲಿ 1000 ದಿನಕ್ಕೆ 4 ಸೋಂಕು ಅಂದುಕೊಳ್ಳಿ. ಬೇಡದ ಟ್ಯೂಬ್‌ಗಳನ್ನೆಲ್ಲ ಬೇಗ ತೆಗೆದು ದಿನಗಳನ್ನು 500ಕ್ಕೆ, ಸೋಂಕನ್ನು 3ಕ್ಕೆ ಇಳಿಸಿದರು. ಒಬ್ಬ ರೋಗಿ ಬಚಾವಾದ, ದರ ಮಾತ್ರ 4ರಿಂದ 6ಕ್ಕೆ ಏರಿತು! ಬರೀ ದರ ನೋಡಿ ವಾರ್ಡನ್ನು ಬೈಯುವುದು ಅನ್ಯಾಯ ಅಲ್ವಾ?

ಅಮೆರಿಕ ಸರ್ಕಾರ ಮುಖ್ಯವಾಗಿ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ ಮೆಡಿಕೇರ್, 2008ರ ಅಕ್ಟೋಬರ್‌ನಿಂದ ಕಾಟಿಯ ಹೆಚ್ಚುವರಿ ಖರ್ಚು ಕೊಡುವುದನ್ನೇ ನಿಲ್ಲಿಸಿತು.

ಇನ್ನು ಟ್ಯೂಬಿನಿಂದ ಬಂದ ಮೂತ್ರ ತುಂಬುವ ಬ್ಯಾಗ್. ಅದು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ನೆಲಕ್ಕೆ ತಾಗಬಾರದು. ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಯಾರೋ ಅದನ್ನು ರೋಗಿಯ ಹೊಟ್ಟೆ ಮೇಲಿಟ್ಟು ಸ್ಟ್ರೆಚರ್ ತಳ್ಳುತ್ತಾರೆ. ಬ್ಯಾಗಿನಲ್ಲಿದ್ದದ್ದು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ.