ಎಡಿನ್‌ಬರಾ: ನಕ್ಷೆಯಲ್ಲಿ ಹತ್ತಿರ, ಮೆಟ್ಟಿಲಲ್ಲಿ ದೂರ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾಕ್ಕೆ ಹೊರಟವರು ರೂಮು ಹುಡುಕುವಾಗ ಕೇಳುವ ಪ್ರಶ್ನೆ ಒಂದೇ: ‘ಕೋಟೆಗೆ ಎಷ್ಟು ದೂರ?’ ಫೋನಿನಲ್ಲಿ ನಾನೂರು ಮೀಟರ್ ಎಂದು ಕಂಡರೆ ಸಾಕು, ದುಡ್ಡು ಕಟ್ಟಿಬಿಡುತ್ತಾರೆ. ಆ ಊರಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕೇಳಬೇಕಾದದ್ದು ಎಷ್ಟು ಮೆಟ್ಟಿಲು ಎಂದು. ಎಷ್ಟು ಸಲ ಹೇಳಿದರೂ ಇದೊಂದು ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅದಕ್ಕೇ ಇವತ್ತು ಬಿಡಿಸಿ ಬರೆಯುತ್ತಿದ್ದೇನೆ.

ಹಳೆಯ ಪಟ್ಟಣದ ಪಶ್ಚಿಮ ತುದಿಯಲ್ಲಿ ಆರಿಹೋದ ಜ್ವಾಲಾಮುಖಿಯ ಗಟ್ಟಿ ಬಂಡೆ, ಅದರ ಮೇಲೆ ಕೋಟೆ. ಹಿಮಯುಗದಲ್ಲಿ ಪಶ್ಚಿಮದಿಂದ ಸರಿದುಬಂದ ಹಿಮನದಿಗೆ ಆ ಬಂಡೆಯನ್ನು ಕೊರೆಯಲಾಗದೆ ಅದರ ಎರಡೂ ಮಗ್ಗುಲನ್ನು ಆಳವಾಗಿ ಕೆರೆದುಕೊಂಡು ಹೋಯಿತು. ಬಂಡೆಯ ಮರೆಯಲ್ಲಿ ಉಳಿದ ನೆಲ ಪೂರ್ವಕ್ಕೆ ಬಾಲದಂತೆ ಇಳಿದಿದೆ. ಕೋಟೆಯಿಂದ ಹೋಲಿರೂಡ್ ಅರಮನೆಗೆ ಹೋಗುವ ರಾಯಲ್ ಮೈಲ್ ಆ ಬಾಲದ ನೆತ್ತಿಯ ಮೇಲಿದೆ. ಉತ್ತರದ ತಗ್ಗಿನಲ್ಲಿ ಹಿಂದೆ ನಾರ್ ಲಾಕ್ ಎಂಬ ಕೆರೆ ಇತ್ತು. ಅದನ್ನು ಬತ್ತಿಸಿದ ಜಾಗದಲ್ಲೇ ಈಗ ವೇವರ್ಲಿ ರೈಲು ನಿಲ್ದಾಣ. ದಕ್ಷಿಣದ ತಗ್ಗಿನಲ್ಲಿ ಕೌಗೇಟ್ ರಸ್ತೆ.

ಎಡವಟ್ಟಾಗುವುದು ಇಲ್ಲೇ. ಈ ದಕ್ಷಿಣದ ತಗ್ಗನ್ನು ದಾಟಲು ಕಟ್ಟಿ 1788ರಲ್ಲಿ ಮುಗಿಸಿದ ಸೌತ್ ಬ್ರಿಜ್ ಸೇತುವೆಗೆ 19 ಕಮಾನುಗಳಿವೆ. ಎರಡೂ ಕಡೆ ಕಟ್ಟಡಗಳು ಒತ್ತಿ ನಿಂತಿರುವುದರಿಂದ ಕಾಣುವುದು ಕೌಗೇಟ್ ಮೇಲಿನ ಒಂದೇ ಕಮಾನು. ನಡೆಯುವವರಿಗೆ ತಾವು ಸೇತುವೆಯ ಮೇಲಿದ್ದೇವೆ ಎಂಬುದೇ ತಿಳಿಯದು. ನಕ್ಷೆ ನೋಡಿದರೆ ಎರಡು ರಸ್ತೆ ಕೂಡಿದಂತೆ ಕಾಣುತ್ತದೆ, ತಿರುಗಿದರೆ ಹೋಟೆಲು ಬಂತು ಅನ್ನಿಸುತ್ತದೆ. ಹೋಟೆಲು ಇರುವುದು ನಿಂತಲ್ಲಿಂದ ಹಲವು ಮಹಡಿ ಕೆಳಗೆ, ಇಳಿಯುವ ದಾರಿ ಇನ್ನೆಲ್ಲೋ. ಅದರ ಪಕ್ಕದ ಜಾರ್ಜ್ ದಿ ಫೋರ್ತ್ ಬ್ರಿಜ್ ಕಥೆಯೂ ಇದೇ.

ವೇವರ್ಲಿಯಲ್ಲಿ ಇಳಿದು ರಾಯಲ್ ಮೈಲ್‌ನದೇ ಭಾಗವಾದ ಹೈ ಸ್ಟ್ರೀಟ್‌ಗೆ ಹೋಗಬೇಕು ಅಂದುಕೊಳ್ಳಿ. ಫೋನು ಹತ್ತಿರದ ದಾರಿಯೆಂದು ಫ್ಲೆಶ್‌ಮಾರ್ಕೆಟ್ ಕ್ಲೋಸ್ ತೋರಿಸುತ್ತದೆ. ಅದು ಕಟ್ಟಡಗಳ ನಡುವಿನ ಇಕ್ಕಟ್ಟಾದ ಓಣಿ. ಮಾರ್ಕೆಟ್ ಸ್ಟ್ರೀಟ್‌ನಿಂದ ಕೋಬರ್ನ್ ಸ್ಟ್ರೀಟ್‌ಗೆ ಒಮ್ಮೆ, ಅಲ್ಲಿಂದ ಹೈ ಸ್ಟ್ರೀಟ್‌ಗೆ ಇನ್ನೊಮ್ಮೆ ಕಡಿದಾದ ಮೆಟ್ಟಿಲು ಹತ್ತಿಸುತ್ತದೆ. ಇಪ್ಪತ್ಮೂರು ಕೆಜಿ ಸೂಟ್‌ಕೇಸ್ ಹಿಡಿದವರು ಅರ್ಧಕ್ಕೇ ಕೂತುಬಿಡುತ್ತಾರೆ. ಬಾಗಿ ಬಾಗಿ ಏರುವ ಕೋಬರ್ನ್ ಸ್ಟ್ರೀಟನ್ನೇ ಹಿಡಿದು ಹೋಗಿ. ಸ್ವಲ್ಪ ಸುತ್ತು, ಆದರೆ ಮೆಟ್ಟಿಲಿಲ್ಲ. ಪ್ರಿನ್ಸಸ್ ಸ್ಟ್ರೀಟ್ ಕಡೆಗಾದರೆ ನಿಲ್ದಾಣದಿಂದಲೇ ಎಸ್ಕಲೇಟರ್ ಇದೆ.

ಇನ್ನು ಕಟ್ಟಡದ ಒಳಗಿನ ಮೆಟ್ಟಿಲು. ಬಾಡಿಗೆಗೆ ಸಿಗುವ ಫ್ಲ್ಯಾಟುಗಳಲ್ಲಿ ಬಹಳಷ್ಟು ಟೆನೆಮೆಂಟ್ ಎನ್ನುವ ಹಳೆಯ ಕಲ್ಲಿನ ಕಟ್ಟಡಗಳಲ್ಲಿವೆ. ಎಲ್ಲರಿಗೂ ಸೇರಿ ಒಂದೇ ಕಲ್ಲಿನ ಮೆಟ್ಟಿಲು, ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ಸಂರಕ್ಷಿತ ಕಟ್ಟಡವಾದರೆ ಹೊಸದಾಗಿ ಲಿಫ್ಟ್ ಕೂರಿಸುವುದೂ ಸುಲಭವಲ್ಲ. ವಿಳಾಸದಲ್ಲಿ 3ಎಫ್2 ಎಂದಿದ್ದರೆ ಮೂರನೇ ಮಹಡಿ, ಎರಡನೇ ಫ್ಲ್ಯಾಟ್. 14/6 ಎಂದಿದ್ದರೆ 14ನೇ ಕಟ್ಟಡದ ಆರನೇ ಫ್ಲ್ಯಾಟ್ ಎಂದಷ್ಟೇ. ಮಹಡಿ ಯಾವುದೆಂದು ಕೇಳಿಯೇ ತಿಳಿಯಬೇಕು. ಉತ್ತರದ ತಗ್ಗಿನಾಚೆಯ ನ್ಯೂ ಟೌನ್ ಬಡಾವಣೆಯ ಮನೆಗಳಲ್ಲಿ ಚಾವಣಿ ಎತ್ತರ, ಹಾಗಾಗಿ ಒಂದೊಂದು ಮಹಡಿಗೂ ಮೆಟ್ಟಿಲು ಹೆಚ್ಚು. ಅಲ್ಲಿ ‘ಲೋಯರ್ ಗ್ರೌಂಡ್’ ಎಂದರೆ ರಸ್ತೆಯಿಂದ ಕಲ್ಲು ಮೆಟ್ಟಿಲು ಇಳಿದು ಹೋಗುವ ಮನೆ.

ಬಾಡಿಗೆಗೆ ಕೊಡುವವರಿಗೆ ಹೀಗೆ ಬರೆದು ಕೇಳಿ: ಫುಟ್‌ಪಾತ್‌ನಿಂದ ರೂಮಿನ ಬಾಗಿಲವರೆಗೆ ಒಟ್ಟು ಎಷ್ಟು ಮೆಟ್ಟಿಲು? ಲಿಫ್ಟ್ ರಸ್ತೆಯ ಮಟ್ಟದಿಂದಲೇ ಇದೆಯೇ? ಸುಮ್ಮನೆ ‘ಲಿಫ್ಟ್ ಇದೆಯಾ’ ಎಂದು ಕೇಳಿದರೆ ಸಾಲದು, ಲಿಫ್ಟಿನ ತನಕ ಹೋಗಲೇ ಹತ್ತಾರು ಮೆಟ್ಟಿಲಿರುವ ಕಟ್ಟಡಗಳಿವೆ.

ಮಗಳ ಘಟಿಕೋತ್ಸವಕ್ಕೆಂದು ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಡುವ ಅಪ್ಪ ಅಮ್ಮಂದಿರನ್ನು ನೆನೆದರೆ ನನಗೆ ಮರುಕವಾಗುತ್ತದೆ. ಮಂಡಿ ನೋವಿದೆ, ನಡೆಯುವುದು ಬೇಡ ಎಂದು ಮಕ್ಕಳು ಪ್ರೀತಿಯಿಂದ ರಾಯಲ್ ಮೈಲ್ ಪಕ್ಕದ ಓಣಿಯಲ್ಲೇ ಮನೆ ಹಿಡಿದಿರುತ್ತಾರೆ. ಎಡಿನ್‌ಬರಾ ವಿಶ್ವವಿದ್ಯಾಲಯದ ಘಟಿಕೋತ್ಸವ ನಡೆಯುವುದು ಮೆಕ್‌ಯುವನ್ ಹಾಲ್‌ನಲ್ಲಿ, ದಕ್ಷಿಣದ ಎತ್ತರದ ನೆಲದ ಮೇಲೆ. ಅದಕ್ಕೆ ನ್ಯೂವಿಂಗ್ಟನ್, ಮಾರ್ಚ್‌ಮಾಂಟ್ ಕಡೆ ಇಳಿದುಕೊಳ್ಳುವುದೇ ಮೇಲು. ದೂರ ಹೆಚ್ಚಿದ್ದರೂ ದಾರಿ ಹೆಚ್ಚುಕಮ್ಮಿ ಸಪಾಟು. ಮಾರ್ಚ್‌ಮಾಂಟ್‌ನಿಂದಾದರೆ ಮೆಡೋಸ್ ಮೈದಾನದ ನಡುವೆಯೇ ಹೋಗಬಹುದು. ನ್ಯೂವಿಂಗ್ಟನ್ನಿನ ಗೆಸ್ಟ್‌ಹೌಸ್‌ಗಳಲ್ಲಿ ನೆಲಮಹಡಿಯ ರೂಮನ್ನೇ ಕೇಳಿ. ಅಲ್ಲಿಂದ ಊರೊಳಕ್ಕೆ ಬಸ್ಸು ಸಾಕಷ್ಟಿವೆ.

ಬರೀ ಊರು ನೋಡಲು ಬಂದವರಿಗೆ ಹೇಮಾರ್ಕೆಟ್ ಒಳ್ಳೆಯದು. ವಿಮಾನ ನಿಲ್ದಾಣದ ಟ್ರಾಮ್, ಗ್ಲಾಸ್ಗೋ ರೈಲು ಎರಡೂ ಅಲ್ಲೇ ಸಿಗುತ್ತವೆ. ಟ್ರಾಮ್ 2023ರಿಂದ ನ್ಯೂಹೇವನ್‌ವರೆಗೂ ಹೋಗುವುದರಿಂದ ಲೀತ್ ಬಂದರಿನ ಕಡೆಯೂ ಈಗ ದೂರವಲ್ಲ. ದಿ ಶೋರ್ ನಿಲ್ದಾಣದ ಸುತ್ತ ನೆಲ ಸಮ. ಗ್ರಾಸ್‌ಮಾರ್ಕೆಟ್, ಕೌಗೇಟ್ ತುಂಬ ಪಬ್ಬುಗಳು. ಅಲ್ಲಿ ರಸ್ತೆ ಕಡೆ ಕಿಟಕಿಯ ರೂಮು ಸಿಕ್ಕರೆ ನಿದ್ದೆಯ ಆಸೆ ಬಿಡಬೇಕು.

ಆಗಸ್ಟ್‌ನಲ್ಲಿ ಫ್ರಿಂಜ್ ಎಂಬ ಕಲಾ ಉತ್ಸವದಿಂದಾಗಿ ಬೆಲೆ ವಿಪರೀತ ಏರುತ್ತದೆ. ತಿಂಗಳುಗಳ ಮೊದಲೇ ಹಿಡಿಯಬೇಕು. ಫ್ಲ್ಯಾಟಿನ ಜಾಹೀರಾತಿನಲ್ಲಿ ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ. ಅಲ್ಪಾವಧಿ ಬಾಡಿಗೆಗೆ ಸ್ಕಾಟ್ಲೆಂಡಿನಲ್ಲಿ ಅದು ಕಡ್ಡಾಯ. 2026ರ ಜುಲೈ 24ರಿಂದಾಚೆಯ ವಾಸ್ತವ್ಯಕ್ಕೆ ಎಡಿನ್‌ಬರಾ ನಗರಸಭೆ ರೂಮಿನ ಬಾಡಿಗೆಯ ಮೇಲೆ ಶೇ. 5 ಪ್ರವಾಸಿ ತೆರಿಗೆ ಗೊತ್ತುಮಾಡಿದೆ, ಮೊದಲ ಐದು ರಾತ್ರಿಗಳಿಗೆ ಮಾತ್ರ. ತೋರಿಸಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ.

ಮೂರನೇ ಮಹಡಿಯ ಮನೆಗೆ ಈಗಾಗಲೇ ದುಡ್ಡು ಕಟ್ಟಿಯಾಗಿದ್ದರೆ ರದ್ದುಮಾಡುವ ಕೊನೆಯ ದಿನ ಯಾವುದೆಂದು ಇವತ್ತೇ ನೋಡಿ. ಆ ದಿನ ದಾಟಿದ್ದರೆ ಎರಡು ದಿನದ ಬಟ್ಟೆ, ಔಷಧಿ ಹೆಗಲ ಚೀಲಕ್ಕೆ ಹಾಕಿಕೊಂಡು ದೊಡ್ಡ ಪೆಟ್ಟಿಗೆಗಳನ್ನು ವೇವರ್ಲಿಯ ಲಗೇಜ್ ಕೌಂಟರಿನಲ್ಲಿ ಇಟ್ಟುಬಿಡಿ. ದಿನದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ, ಆದರೆ ಕೌಂಟರು ರಾತ್ರಿಯಿಡೀ ತೆರೆದಿರುವುದಿಲ್ಲ; ಬೆಳಗಿನ ಜಾವದ ರೈಲಿದ್ದರೆ ಹಿಂದಿನ ಸಂಜೆಯೇ ಬಿಡಿಸಿಕೊಳ್ಳಬೇಕು.