ಉಕ್ಕಿನ ರ‍್ಯಾಕು, ರಬ್ಬರಿನ ತುಟಿ

ಕಾರಿನ ಅಡಿಗೆ ತೂರಿ, ಮುಂದಿನ ಚಕ್ರದ ಹಿಂದಿರುವ ರಬ್ಬರ್ ಬೂಟನ್ನು ಬೆರಳಿನಿಂದ ಅಮುಕಿದೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದಲ್ಲ, ಅದು. ಒಳಗೆ ಗಾಳಿ ಬಿಟ್ಟರೆ ಏನೂ ಇರಬಾರದು. ನನ್ನದು ನೀರು ತುಂಬಿದ ಬಲೂನಿನ ಹಾಗೆ ಕುಲುಕಿತು. ಕ್ಲಿಪ್ ಸಡಿಲಿಸಿದ್ದೇ ತಡ, ಕೆಂಪು ಎಣ್ಣೆ ಮೊಣಕೈವರೆಗೂ ಇಳಿಯಿತು.

ಕಾಯಿಲೆ ಗೊತ್ತಾಯಿತು. ಪವರ್ ಸ್ಟೀರಿಂಗ್ ರ‍್ಯಾಕಿನ ಆಯಿಲ್ ಸೀಲ್, ಅಂದರೆ ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರ್ ಉಂಗುರ, ಹೋಗಿದೆ. ಇಂಥ ಹೊತ್ತಿನಲ್ಲಿ ಸಿಗುವ ಸಲಹೆ ಒಂದೇ: ಬಿಚ್ಚೋ ಗೋಜಿಗೆ ಹೋಗಬೇಡಿ, ಇಡೀ ರ‍್ಯಾಕನ್ನೇ ಬದಲಾಯಿಸಿ. ಕೆಟ್ಟ ಸಲಹೆ ಏನಲ್ಲ. ಆದರೆ ಐದಾರು ಕಿಲೋ ತೂಗುವ ಯಂತ್ರ ಒಂದು ಉಂಗುರದಷ್ಟು ರಬ್ಬರಿಗಾಗಿ ಗುಜರಿಗೆ ಹೋಗುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಸೀಲ್ ಕಿಟ್ ತಂದು ಬಿಚ್ಚಲು ಕೂತೆ.

ರ‍್ಯಾಕ್ ಅಂದರೆ ಉದ್ದನೆಯ ಒಂದು ಉಕ್ಕಿನ ಸರಳು. ಅದರ ಒಂದು ಭಾಗದಲ್ಲಿ ಸಾಲಾಗಿ ಹಲ್ಲುಗಳಿವೆ. ಸ್ಟೀರಿಂಗ್ ಕಂಬದ ಬುಡದಲ್ಲಿ ಪಿನಿಯನ್ ಅನ್ನೋ ಪುಟ್ಟ ಹಲ್ಲುಚಕ್ರ ಇದೆ. ಅದು ತಿರುಗಿದರೆ ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ, ತುದಿಗಳಲ್ಲಿರುವ ಟೈ ರಾಡುಗಳು ಚಕ್ರಗಳನ್ನು ಎಳೆಯುತ್ತವೆ, ತಳ್ಳುತ್ತವೆ. ಇಷ್ಟೇ ಆಗಿದ್ದರೆ ನಿಂತ ಕಾರಿನ ಚಕ್ರ ಹೊರಳಿಸುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು. ಹಾಗಾಗಿ ಸರಳಿನ ಇನ್ನೊಂದು ಭಾಗವನ್ನು ಕೊಳವೆಯೊಳಗೆ ಇಟ್ಟು, ಅದಕ್ಕೊಂದು ಪಿಸ್ಟನ್ ಕೂರಿಸಿದ್ದಾರೆ. ಪಿಸ್ಟನ್ನಿನ ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ. ಯಾವ ಕೋಣೆಗೆ ಎಣ್ಣೆ ಒತ್ತಡದಿಂದ ನುಗ್ಗುತ್ತದೋ, ಸರಳು ಅದರಿಂದ ಆಚೆಗೆ ಸರಿಯುತ್ತದೆ.

ಎಷ್ಟು ಬಲ ಸಿಗುತ್ತದೆ? ಒಂದು ಲೆಕ್ಕ ಹಾಕೋಣ. ಕೊಳವೆಯ ಒಳವ್ಯಾಸ 40 ಮಿಲಿಮೀಟರ್, ಸರಳಿನ ದಪ್ಪ 24 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಎಣ್ಣೆಗೆ ಒತ್ತಲು ಸಿಗುವ ಜಾಗ ಬರೀ 8 ಚದರ ಸೆಂಟಿಮೀಟರ್. ಒಂದು ಅಂಚೆಚೀಟಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಪಂಪ್ 70 ಬಾರ್ ಒತ್ತಡ ಕೊಟ್ಟರೆ ಪ್ರತಿ ಚದರ ಸೆಂಟಿಮೀಟರಿಗೂ ಸುಮಾರು 70 ಕಿಲೋ ಭಾರ ಬೀಳುತ್ತದೆ. ಒಟ್ಟು 560 ಕಿಲೋ ಆಯಿತು. ಬೆರಳೆರಡರಲ್ಲಿ ಸ್ಟೀರಿಂಗ್ ತಿರುಗಿಸುವಾಗ ಕೆಳಗೆ ಅರ್ಧ ಟನ್ ಬಲ ನಿಮ್ಮ ಮಾತು ಕೇಳುತ್ತಿರುತ್ತದೆ.

ಇಷ್ಟೊಂದು ಬಲಕ್ಕೆ ಎಡ ಯಾವುದು, ಬಲ ಯಾವುದು ಅಂತ ಹೇಳೋರು ಯಾರು? ರ‍್ಯಾಕ್ ಬಿಚ್ಚಿದಾಗ ನಾನು ತುಂಬಾ ಹೊತ್ತು ಕೈಯಲ್ಲಿ ಹಿಡಿದು ನೋಡಿದ್ದು ಈ ಭಾಗವನ್ನೇ. ಸ್ಟೀರಿಂಗ್ ಕಂಬಕ್ಕೂ ಪಿನಿಯನ್ನಿಗೂ ನಡುವೆ ಪೆನ್ಸಿಲಿನಷ್ಟು ತೆಳುವಾದ ಒಂದು ಉಕ್ಕಿನ ಕಡ್ಡಿ ಇದೆ. ಟಾರ್ಷನ್ ಬಾರ್ ಅಂತಾರೆ. ತಿರುಚಿಕೊಳ್ಳುವುದೇ ಇದರ ಕೆಲಸ. ರಸ್ತೆಯ ಮೇಲೆ ಕೂತ ಚಕ್ರ ಸುಲಭಕ್ಕೆ ಅಲುಗುವುದಿಲ್ಲ. ನೀವು ಸ್ಟೀರಿಂಗ್ ತಿರುಗಿಸಿದಾಗ ಕಡ್ಡಿಯ ಮೇಲ್ತುದಿ ನಿಮ್ಮ ಜೊತೆ ಬರುತ್ತದೆ, ಕೆಳತುದಿ ಚಕ್ರದ ಜೊತೆ ನಿಂತುಬಿಡುತ್ತದೆ. ಒದ್ದೆ ಬಟ್ಟೆ ಹಿಂಡುವ ಹಾಗೆ ಕಡ್ಡಿ ಕೆಲವೇ ಡಿಗ್ರಿ ತಿರುಚುತ್ತದೆ.

ಕಡ್ಡಿಯ ಸುತ್ತ ಒಂದರೊಳಗೊಂದು ಎರಡು ಸಿಲಿಂಡರ್‌ಗಳಿವೆ. ಒಳಗಿನದು ಮೇಲ್ತುದಿಯ ಜೊತೆ ತಿರುಗುತ್ತದೆ, ಹೊರಗಿನದು ಕೆಳತುದಿಯ ಜೊತೆ. ಎರಡರಲ್ಲೂ ಎಣ್ಣೆಗೆ ಕೊರೆದ ದಾರಿಗಳಿವೆ. ಈ ಜೋಡಿಯೇ ವಾಲ್ವ್. ಕಡ್ಡಿ ನೇರವಾಗಿದ್ದಾಗ ಎಲ್ಲಾ ದಾರಿಯೂ ತೆರೆದಿರುತ್ತದೆ. ಎಣ್ಣೆ ಸುಮ್ನೆ ಸುತ್ತು ಹಾಕಿ ಪಂಪಿಗೆ ವಾಪಸ್ ಹೋಗುತ್ತದೆ. ಕಡ್ಡಿ ತಿರುಚಿದಾಗ ಒಂದು ಕಡೆಯ ದಾರಿ ಕಿರಿದಾಗಿ ಒತ್ತಡ ಏರುತ್ತದೆ, ಪಿಸ್ಟನ್ ಸರಿಯುತ್ತದೆ. ಚಕ್ರ ತಿರುಗಿದ ಕೂಡಲೇ ಕೆಳತುದಿ ಮೇಲ್ತುದಿಯನ್ನು ಹಿಡಿದುಬಿಡುತ್ತದೆ. ಕಡ್ಡಿ ನೇರವಾಯಿತು, ಸಹಾಯ ನಿಂತಿತು. ಕೈ ಜಾಸ್ತಿ ಜೋರು ಮಾಡಿದಷ್ಟೂ ಸಹಾಯ ಜಾಸ್ತಿ, ಬಿಟ್ಟರೆ ಇಲ್ಲ. ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಒಂದು ಕಡ್ಡಿ, ಅಷ್ಟೇ! ಅಕಸ್ಮಾತ್ ಎಣ್ಣೆಯೆಲ್ಲಾ ಸೋರಿಹೋದರೂ ಕಡ್ಡಿಗೆ ತಿರುಚಲು ಒಂದು ಮಿತಿ ಇದೆ. ಅದಾದ ಮೇಲೆ ಲೋಹಕ್ಕೆ ಲೋಹ ತಾಗಿ ಪಿನಿಯನ್ ನೇರವಾಗಿ ತಿರುಗುತ್ತದೆ. ಸ್ಟೀರಿಂಗ್ ಭಾರ ಆಗುತ್ತದೆ, ಕೈಬಿಡುವುದಿಲ್ಲ.

ಈ 'ಸದಾ ತೆರೆದ ದಾರಿ'ಯ ಉಪಾಯ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಅವರದು. ಒತ್ತಡವನ್ನು ಮೊದಲೇ ಕೂಡಿಟ್ಟು, ಬೇಕಾದಾಗ ಬಾಗಿಲು ತೆರೆಯುವ ಬದಲು, ಎಣ್ಣೆಯನ್ನು ಓಡಾಡಲು ಬಿಟ್ಟು ಬೇಕಾದಾಗ ಬಾಗಿಲು ಮುಚ್ಚಿದರು. 1926ರಲ್ಲಿ ಪಿಯರ್ಸ್-ಆ್ಯರೋ ಕಾರಿಗೆ ಜೋಡಿಸಿ ಓಡಿಸಿಯೂ ತೋರಿಸಿದರು. ಆದರೆ ಮಾರಾಟದ ಕಾರಿನಲ್ಲಿ ಪವರ್ ಸ್ಟೀರಿಂಗ್ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಜೊತೆ. 25 ವರ್ಷ ಕಾಯಬೇಕಾಯಿತು.

ಸರಿ, ಬಿಚ್ಚುವ ಕೆಲಸ. ಕಾರು ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಚಕ್ರ ನೇರ ಇಟ್ಟು, ಸ್ಟೀರಿಂಗ್ ಅಲ್ಲಾಡದ ಹಾಗೆ ಕಟ್ಟಿ. ರ‍್ಯಾಕ್ ಬೇರೆ ಮಾಡಿದ ಮೇಲೆ ಸ್ಟೀರಿಂಗ್ ಮನಬಂದಂತೆ ತಿರುಗಿದರೆ ಏರ್‌ಬ್ಯಾಗಿನ ಸುರುಳಿ ತಂತಿ ಹರಿದುಹೋಗುತ್ತದೆ. ಟೈ ರಾಡ್ ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಉಳಿದದ್ದೆಲ್ಲಾ ಬೋಲ್ಟು, ಕೊಳೆ ಮತ್ತು ಬೆನ್ನುನೋವು.

ಮೇಜಿನ ಮೇಲೆ ಸರಳನ್ನು ಹೊರಗೆಳೆದು ಒರೆಸಿದಾಗ ನಿಜವಾದ ಅಪರಾಧಿ ಸಿಕ್ಕಿತು. ಬೂಟಿನ ಒಂದು ಮಡಿಕೆಯಲ್ಲಿ ಉಗುರು ಗೀರಿದಷ್ಟು ಸೀಳು. ಅದರ ಮೂಲಕ ನೀರು, ಮಣ್ಣು ಒಳಗೆ ಹೋಗಿದೆ. ಕನ್ನಡಿಯ ಹಾಗಿರಬೇಕಾದ ಸರಳಿನ ಮೇಲೆ ತುಕ್ಕಿನ ಕಂದು ಕಲೆ ಎದ್ದಿದೆ. ಪ್ರತಿ ತಿರುವಿಗೂ ಆ ಕಲೆ ಸೀಲಿನ ಕೆಳಗೆ ಮರಳುಕಾಗದದ ಹಾಗೆ ಉಜ್ಜಿದೆ. ಕಲೆ ಬರೀ ಮೇಲ್ಮೈಯಲ್ಲಿದ್ದರೆ ಅತಿ ನುಣುಪಿನ ಮರಳುಕಾಗದದಿಂದ ಹೊಳಪು ಮಾಡಬಹುದು. ಉಗುರಿಗೆ ಗುಳಿ ಸಿಕ್ಕಿದರೆ ಮಾತ್ರ ಆಟ ಮುಗಿಯಿತು. ಎಷ್ಟು ಸೀಲ್ ಹಾಕಿದರೂ ತಿಂದುಹಾಕುತ್ತದೆ. ನನ್ನ ಅದೃಷ್ಟಕ್ಕೆ ಉಗುರು ಜಾರಿತು.

ಸೀಲು ನೋಡಲು ಸಪ್ಪೆ ವಸ್ತು. ಕಪ್ಪು ರಬ್ಬರಿನ ಬಳೆ, ಒಳಗೊಂದು ತೆಳು ಅಂಚು. ಅದನ್ನು ಲಿಪ್ ಅಂತಾರೆ. ತುಟಿ ಅಂದರೂ ನಡೆಯುತ್ತೆ. ತುಟಿಯ ಬೆನ್ನಿಗೆ ಒಂದು ತೋಡು ಇದೆ, ಅದರ ಬಾಯಿ ಎಣ್ಣೆಯ ಕಡೆ ತೆರೆದಿರಬೇಕು. ಒತ್ತಡ ಏರಿದಾಗ ಎಣ್ಣೆ ತೋಡಿನೊಳಗೆ ನುಗ್ಗಿ ತುಟಿಯನ್ನು ಸರಳಿಗೆ ಇನ್ನೂ ಬಿಗಿಯಾಗಿ ಅದುಮುತ್ತದೆ. ಎಣ್ಣೆ ತನ್ನ ದಾರಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ! ತಿರುಗುಮುರುಗಾಗಿ ಹಾಕಿದರೆ ಅದೇ ಒತ್ತಡ ತುಟಿಯನ್ನು ಎತ್ತಿ ಆಚೆ ಹೋಗುತ್ತದೆ.

ಹಳೇ ಸೀಲನ್ನು ಕೊಕ್ಕೆ ಹಾಕಿ ಕೀಳುವಾಗ ಕೊಳವೆಯ ಗೋಡೆಗೆ ಗೀರು ಬೀಳದ ಹಾಗೆ ನೋಡಿಕೊಂಡೆ. ಹೊಸದನ್ನು ಹಾಕುವಾಗ ಎಡವಿದೆ. ಒಳಗಿನ ಸೀಲ್ ತನ್ನ ಜಾಗ ಸೇರಲು ಸರಳಿನ ಹಲ್ಲುಗಳ ಮೇಲೆ ಹಾದು ಬರಬೇಕು. ಹಲ್ಲುಗಳ ಅಂಚು ಚಾಕುವಿನಂತೆ. ಗ್ರೀಸು ಬಳಿದಿದ್ದೀನಲ್ಲ, ಜಾರಿಹೋಗುತ್ತೆ ಅಂತ ತಳ್ಳಿದೆ. ಜಾರಿತು. ಶಬ್ದವಿಲ್ಲ, ತಡೆಯಿಲ್ಲ. ಎಲ್ಲಾ ಜೋಡಿಸಿ ಮೂರು ದಿನ ಓಡಿಸಿದ ಮೇಲೆ ಬೂಟು ಮತ್ತೆ ಒದ್ದೆ. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ತುಟಿಯಲ್ಲಿ ಅರ್ಧ ಮಿಲಿಮೀಟರ್ ಸೀಳು. 70 ಬಾರ್ ಒತ್ತಡಕ್ಕೆ ಅದು ಹೆಬ್ಬಾಗಿಲು. ಎರಡನೇ ಸಲ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಹಲ್ಲುಗಳ ಮೇಲೆ ಸುರುಳಿಯಾಗಿ ಸುತ್ತಿ, ಅದರ ಮೇಲೆ ಸೀಲ್ ದಾಟಿಸಿ, ಹಾಳೆಯನ್ನು ಎಳೆದುಕೊಂಡೆ. ಇಡೀ ಕೆಲಸದ ಗುಟ್ಟು ಆ ಹಾಳೆಯಲ್ಲಿತ್ತು.

ಇನ್ನೊಂದು ಪರೀಕ್ಷೆ ಟೆಫ್ಲಾನ್ ಉಂಗುರಗಳದು. ಪಿಸ್ಟನ್ನಿಗೆ ಒಂದು, ವಾಲ್ವಿನ ಹೊರ ಸಿಲಿಂಡರಿಗೆ ಸಾಮಾನ್ಯವಾಗಿ ನಾಲ್ಕು. ಟೆಫ್ಲಾನ್ ರಬ್ಬರಿನ ಹಾಗೆ ಪುಟಿಯುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಗ್ಗಿಸಿ ತೋಡಿಗೆ ಇಳಿಸಿದರೆ, ಅಳತೆ ತಪ್ಪಿದ ಬಳೆಯ ಹಾಗೆ ಜೋಲುತ್ತದೆ. ಮೊದಲ ಸಲ ನೋಡಿದವರಿಗೆ ಕಿಟ್ ಹಾಳಾಯಿತು ಅನ್ನಿಸೋದು ಸಹಜ, ಅಲ್ವಾ? ಆದರೆ ಅದರ ಸುತ್ತ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಹೋಸ್ ಕ್ಲಿಪ್ಪಿನಿಂದ ಮೆಲ್ಲಗೆ ಬಿಗಿದು ಬಿಟ್ಟರೆ ಒಂದೆರಡು ಗಂಟೆಯಲ್ಲಿ ಕುಗ್ಗಿ ಕೂರುತ್ತದೆ. ಟೆಫ್ಲಾನಿನ ಅಣುಗಳು ಉದ್ದುದ್ದ ಕಾರ್ಬನ್ ಸರಪಳಿಗಳು, ಮೈತುಂಬಾ ಫ್ಲೋರಿನ್ ಕವಚ. ಒಂದು ಸರಪಳಿ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಪಕ್ಕಪಕ್ಕದಲ್ಲೇ ಜಾರುತ್ತವೆ. ಅದರ ನುಣುಪಿಗೂ ಈ ಸೋಮಾರಿ ಸ್ವಭಾವಕ್ಕೂ ಕಾರಣ ಒಂದೇ. ಈ ವಸ್ತು ಸಿಕ್ಕಿದ್ದೂ ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅವರು ಅನಿಲದ ಸಿಲಿಂಡರ್ ತೆರೆದರೆ ಏನೂ ಬರಲಿಲ್ಲ. ತೂಗಿದರೆ ತುಂಬಿದ ಸಿಲಿಂಡರಿನಷ್ಟೇ ತೂಕ. ಗರಗಸದಲ್ಲಿ ಕೊಯ್ದು ನೋಡಿದಾಗ ಒಳಗೆ ಬಿಳಿ ಪುಡಿ ಕೂತಿತ್ತು.

ಮೆತ್ತಗಿದೆ ಅಂತ ಟೆಫ್ಲಾನನ್ನು ಹಗುರವಾಗಿ ಕಾಣಬೇಡಿ. 1980ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ವಾಲ್ವಿನ ಕವಚ ಅಲ್ಯೂಮಿನಿಯಮ್ಮಿನದು. ಈ ಉಂಗುರಗಳೇ ಉಜ್ಜಿ ಉಜ್ಜಿ ಅದರಲ್ಲಿ ತೋಡು ಕೊರೆದವು. ಬೆಳಿಗ್ಗೆ ತಣ್ಣಗಿದ್ದಾಗ ಎಣ್ಣೆ ಆ ಸಂದಿಯಲ್ಲಿ ನುಸುಳಿ ಸ್ಟೀರಿಂಗ್ ಕಲ್ಲಾಗುತ್ತಿತ್ತು, ಎಂಜಿನ್ ಬಿಸಿಯಾದ ಮೇಲೆ ಸರಿಹೋಗುತ್ತಿತ್ತು. ಮೆಕ್ಯಾನಿಕ್‌ಗಳು ಅದಕ್ಕೆ 'ಮಾರ್ನಿಂಗ್ ಸಿಕ್‌ನೆಸ್' ಅಂತಲೇ ಹೆಸರಿಟ್ಟಿದ್ದರು.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಕೈಗೆ ಸಿಕ್ಕಿತು ಅಂತ ಬ್ರೇಕ್ ಆಯಿಲ್ ಹಾಕಬೇಡಿ. ಈ ಸೀಲುಗಳು ಸಾಮಾನ್ಯವಾಗಿ ನೈಟ್ರೈಲ್ ಜಾತಿಯ ರಬ್ಬರ್. ಅದಕ್ಕೆ ಪೆಟ್ರೋಲಿಯಂ ಎಣ್ಣೆಯ ಜೊತೆ ಹೊಂದಿಕೆ ಇದೆ, ಬ್ರೇಕ್ ಆಯಿಲಿನ ಗ್ಲೈಕಾಲ್ ಜೊತೆ ಇಲ್ಲ. ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಸೋರಿಕೆ ನಿಲ್ಲಿಸುತ್ತೇವೆ ಅನ್ನೋ ಬಾಟಲಿಗಳ ಉಪಾಯವೂ ಹೆಚ್ಚುಕಡಿಮೆ ಇದೇ, ರಬ್ಬರನ್ನು ಬೇಕಂತಲೇ ಸ್ವಲ್ಪ ಉಬ್ಬಿಸುವುದು. ನಾಲ್ಕು ದಿನಕ್ಕೆ ಆದೀತು. ಸೀಳಿದ ತುಟಿಯನ್ನು ಹೊಲಿಯಲು ಅದಕ್ಕೆ ಬರುವುದಿಲ್ಲ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ ಅಂತಾರೆ. ಸುಳ್ಳು. ಹಲ್ಲುಗಳನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ಸ್ಪ್ರಿಂಗಿನ ಬಿಗಿತವನ್ನು ಮ್ಯಾನ್ಯುಯಲ್ ಹೇಳಿದಷ್ಟೇ ಇಡಬೇಕು. ಬಿಗಿ ಜಾಸ್ತಿಯಾದರೆ ತಿರುವಿನ ನಂತರ ಸ್ಟೀರಿಂಗ್ ವಾಪಸ್ ಬರುವುದಿಲ್ಲ, ಸಡಿಲವಾದರೆ ಕಟಕಟ ಸದ್ದು. ಟೈ ರಾಡಿನ ನಟ್ಟಿಗೆ ಹೊಸ ಪಿನ್ ಹಾಕಬೇಕು, ಹಳೆಯದನ್ನು ಬಗ್ಗಿಸಿ ಮತ್ತೆ ಬಳಸುವ ಜಾಗ ಇದಲ್ಲ.

ಕೊನೆಗೆ ಗಾಳಿ ತೆಗೆಯುವುದು. ಮುಂದಿನ ಚಕ್ರಗಳು ಗಾಳಿಯಲ್ಲಿ, ಎಂಜಿನ್ ಆಫ್. ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ 20 ಸಲ ತಿರುಗಿಸಿದೆ. ಡಬ್ಬಿಯಲ್ಲಿ ಗುಳ್ಳೆ ಎದ್ದವು, ಎಣ್ಣೆ ಇಳಿಯಿತು, ಮತ್ತೆ ಸುರಿದೆ. ಮೊದಲೇ ಎಂಜಿನ್ ಹಾಕಿದರೆ ಪಂಪ್ ಗಾಳಿ ಎಣ್ಣೆ ಕಡೆದು ನೊರೆ ಮಾಡಿಬಿಡುತ್ತದೆ. ನೊರೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ತಳ್ಳುವುದಿಲ್ಲ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿದೆ. ಸ್ಟೀರಿಂಗ್ ಹಗುರವಾಯಿತು. ಮರುದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಸುತ್ತು ಎಣಿಸಿ ಕೂರಿಸಿದರೂ ಕಣ್ಣಂದಾಜಿಗೆ ಅಷ್ಟು ನಿಖರತೆ ಬರುವುದಿಲ್ಲ.

ತಿಂಗಳಾದ ಮೇಲೆ ಮತ್ತೆ ಅಡಿಗೆ ತೂರಿ ಬೂಟಿನೊಳಗೆ ಬೆರಳು ಹಾಕಿದೆ. ಎಡಗಡೆ ಒಣಗಿತ್ತು. ಬಲಗಡೆ ಬೆರಳಿಗೆ ಏನೋ ಜಿಡ್ಡು ಹತ್ತಿತು. ಎದೆ ಧಸಕ್ಕೆಂದಿತು. ಬೆಳಕಿಗೆ ಹಿಡಿದೆ, ಕೆಂಪಗಿಲ್ಲ. ಮೂಸಿ ನೋಡಿದೆ. ನಾನೇ ಬಳಿದಿದ್ದ ಗ್ರೀಸು.