ಎಂಬಿಬಿಎಸ್ ಇಲ್ಲದೆ ಸಾರ್ವಜನಿಕ ಆರೋಗ್ಯ ಸಂಶೋಧಕರಾಗಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಜನರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಆಸೆ. ಮುಂದೆ ಬೇರೆ ದೇಶದವರ ಜೊತೆಗೂ ಕೆಲಸ ಮಾಡಬೇಕು. ಡಾಕ್ಟರ್ ಅಲ್ಲದವರಿಗೆ ಇಲ್ಲಿ ಜಾಗ ಇದೆಯಾ?

ಉತ್ತರ: ಖಂಡಿತ ಇದೆ. ನಿಮ್ಮಂಥವರು ಬೇಕೇ ಬೇಕು. ಯಾಕೆ ಅನ್ನೋದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ.

ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ, ಎಷ್ಟು ಕೆಮ್ಮಿದರೂ ಆಸ್ಪತ್ರೆಗೆ ಬರಲ್ಲ ಅನ್ನೋ ಮಾತು ಆಗ ಇತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳ ಬಗ್ಗೆ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು! ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೇ. ಕೆಮ್ಮು ಅಂತ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕು ಅನ್ನೋ ವಿಚಾರಕ್ಕೆ ಇದರಿಂದ ಬಲ ಬಂತು. ರೋಗಿಗಳನ್ನು ಕೂರಿಸಿಕೊಂಡು ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು. ಹೀಗೆ ಕೇಳಿ ತಿಳಿಯೋಕೆ ಡಾಕ್ಟರೇ ಆಗಬೇಕಿಲ್ಲ.

ಸರಿ, ದಾರಿ ಯಾವುದು? ಎರಡು ವರ್ಷದ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ), ಆಮೇಲೆ ಪಿಎಚ್‌ಡಿ. ನಿಮ್ಹಾನ್ಸ್‌ನಲ್ಲೇ ಎಂಪಿಎಚ್ ಇದೆ. ಸಮಾಜಕಾರ್ಯ, ನರ್ಸಿಂಗ್, ಸಂಖ್ಯಾಶಾಸ್ತ್ರ ಓದಿದವರನ್ನು ತೆಗೆದುಕೊಳ್ಳುವ ಕಾಲೇಜುಗಳೂ ಇವೆ. ಅರ್ಹತೆ ಒಂದೊಂದು ಕಡೆ ಒಂದೊಂದು ಥರ, ನೋಡಿಕೊಳ್ಳಿ.

ಆದರೆ ನನ್ನ ಸಲಹೆ, ಮೊದಲು ಒಂದೆರಡು ವರ್ಷ ಫೀಲ್ಡ್ ಕೆಲಸ ಮಾಡಿ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಸಮುದಾಯ ಆರೋಗ್ಯದ ಕೆಲಸ ಮಾಡುವ ಸೊಚಾರ, ಇವೆಲ್ಲ ಇಲ್ಲೇ ಇವೆ. ಪೀಣ್ಯದ ಕಡೆ ಬೆಳಿಗ್ಗೆ ಹನ್ನೊಂದಕ್ಕೆ ಸರ್ವೆಗೆ ಹೋದರೆ ಎಷ್ಟೋ ಮನೆಗೆ ಬೀಗ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಿಗೋದು ಭಾನುವಾರ. ವಾರದ ದಿನ ಸಿಕ್ಕವರನ್ನಷ್ಟೇ ಎಣಿಸಿದರೆ ದುಡಿಯುವ ಹೆಂಗಸರೇ ಲೆಕ್ಕದಿಂದ ಹೊರಗೆ. ಇನ್ನು ಸೊಸೆಗೆ ಬಸಿರಿನ ಬಗ್ಗೆ ಪ್ರಶ್ನೆ ಕೇಳಿದರೆ, ಪಕ್ಕದಲ್ಲಿ ಕೂತ ಅತ್ತೆ ಉತ್ತರ ಹೇಳ್ತಾರೆ. "ಅಮ್ಮಾ, ಸ್ವಲ್ಪ ನೀರು ಕೊಡ್ತೀರಾ?" ಅಂತ ಕೇಳಿ, ಅವರು ಒಳಗೆ ಹೋದಾಗ ಸಿಗುವ ಉತ್ತರವೇ ಬೇರೆ. ಕನ್ನಡ ಬರುವ ನಿಮಗೆ ಇದೆಲ್ಲ ಬೇಗ ಕೈಗೆ ಹತ್ತುತ್ತದೆ.

ಕಷ್ಟವೂ ಇದೆ. ಪ್ರಾಜೆಕ್ಟ್ ಮುಗಿದರೆ ಸಾಮಾನ್ಯವಾಗಿ ಸಂಬಳವೂ ಮುಗೀತು. ಪಿಎಚ್‌ಡಿ ಆದಮೇಲೆ ಇಂಡಿಯಾ ಅಲಯನ್ಸ್‌ನಂಥ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ಹಣ ಕೊಡುವ ಸಂಸ್ಥೆ) ಫೆಲೋಶಿಪ್‌ಗೆ ಪ್ರಯತ್ನಿಸಬಹುದು. 2008ರಿಂದ ಇದೆ, ಸಾರ್ವಜನಿಕ ಆರೋಗ್ಯಕ್ಕೂ ಕೊಡುತ್ತಾರೆ. ವಿದೇಶದ ಹಣ ಇರುವ ಆರೋಗ್ಯ ಸಂಶೋಧನೆಗೆ ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಸಾಲದು, ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು. ಅದಕ್ಕೆ ಸಮಯ ಇಟ್ಟುಕೊಳ್ಳಿ.

ಕೆಲಸದ ಸಂದರ್ಶನದಲ್ಲಿ ನೀವೂ ಎರಡು ಪ್ರಶ್ನೆ ಕೇಳಿ. ಮಾಹಿತಿ ತಂದುಕೊಟ್ಟವರ ಹೆಸರು ಪ್ರಬಂಧದಲ್ಲಿ ಬರುತ್ತದಾ? ಏನು ಗೊತ್ತಾಯಿತು ಅಂತ ಆ ಊರಿನವರಿಗೆ ವಾಪಸ್ ಹೋಗಿ ಹೇಳ್ತೀರಾ? ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ಅರ್ಜಿ ಹಾಕಿ.